ಭಾನುವಾರದ ಮಕ್ಕಳು

ಬಸವೇಶ್ವರನಗರದ ಶುಭಾ ಮಿಸ್‌ಗೆ ಕಾಫಿಯ ಚಟವಿರಲಿಲ್ಲ, ಧಾರಾವಾಹಿಯ ಚಟವೂ ಇರಲಿಲ್ಲ. "ಹೇಗೆ ಗೊತ್ತಾಯ್ತು?" ಎಂದು ಕೇಳುವ ಚಟ ಮಾತ್ರ ವಿಪರೀತವಾಗಿತ್ತು. ಗಾಡಿಯವನು ಬದನೆಕಾಯಿಯಲ್ಲಿ ಹುಳ ಇಲ್ಲ ಎಂದರೂ ಕೇಳುತ್ತಿದ್ದರು, ಗ್ಯಾಸಿನವನು ಸಿಲಿಂಡರ್ ನಾಳೆ ಬಂದೇ ಬರುತ್ತದೆ ಎಂದರೂ ಕೇಳುತ್ತಿದ್ದರು. ಐವತ್ತು ದಾಟಿದ, ಮದುವೆಯಾಗದ ಹೆಂಗಸು ಹೀಗೆ ಕೇಳಿದರೆ ಜನ ಅದಕ್ಕೆ ಜಗಳಗಂಟಿತನ ಎಂದು ಹೆಸರಿಡುತ್ತಾರೆ. ಗಂಡಸು ಕೇಳಿದ್ದರೆ ವಿಚಾರವಂತ ಅನ್ನುತ್ತಿದ್ದರೋ ಏನೋ. ಅದು ಹಾಗಿರಲಿ.

ಈ ಚಟದಿಂದಲೇ ಅವರು ಶಾಲೆಯ ಕೆಲಸ ಬಿಟ್ಟರು. ಯುಕೆಜಿ ಮಕ್ಕಳ ಕೈಯಲ್ಲಿ ಒಂದರಿಂದ ನೂರನ್ನು ಪುಟಗಟ್ಟಲೆ ಬರೆಸಿ, ಸರಿಯಿದ್ದರೆ ಟಿಕ್, ತಪ್ಪಿದ್ದರೆ ಇಂಟು ಹಾಕುವುದಕ್ಕೆ ನಾನೇ ಯಾಕೆ ಬೇಕು ಎಂದು ಪ್ರಿನ್ಸಿಪಾಲರನ್ನು ಕೇಳಿ, ಅವರಿಂದ ಉತ್ತರ ಬಾರದ ಕಾರಣ ಮನೆಗೆ ಬಂದರು. ಮನೆಯ ಮುಂದಿನ ಕೋಣೆಯನ್ನು ಖಾಲಿ ಮಾಡಿ, ಗೇಟಿಗೆ ಒಂದು ಬೋರ್ಡು ತೂಗುಹಾಕಿದರು: "ಆಡುತ್ತಾ ಗಣಿತ. ಐದರಿಂದ ಏಳು ವರ್ಷದವರಿಗೆ. ಆರು ಮಕ್ಕಳಿಗೆ ಮಾತ್ರ." ಆರು ಯಾಕೆಂದರೆ ಆ ಕೋಣೆಗೆ ಆರು ಚಿಕ್ಕ ಚಾಪೆ ಹಿಡಿಸುತ್ತಿತ್ತು. ಪ್ರತಿ ಚಾಪೆಯ ತಲೆಗೆ ಒಂದು ಸ್ಟೀಲ್ ಡಬ್ಬಿ, ಡಬ್ಬಿಯ ಮೇಲೆ ಮಗುವಿನ ಹೆಸರು, ಒಳಗೆ ಹುಣಸೆ ಬೀಜ, ಹಳೆ ಶರ್ಟಿನ ಗುಂಡಿಗಳು, ಒಂದಿಷ್ಟು ಕವಡೆ. ಮಿಸ್ ಕೂರುತ್ತಿದ್ದುದು ಗೋಡೆ ಪಕ್ಕದ ಸ್ಟೂಲಿನ ಮೇಲೆ.

ಅಲ್ಲಿ ಯಾರೂ ಲೆಕ್ಕ ಬರೆಯುತ್ತಿರಲಿಲ್ಲ. ಮಿಸ್ ಗುಂಡಿಗಳನ್ನು ಎರಡು ಗುಡ್ಡೆ ಮಾಡಿ, ಯಾವ ಲೆಕ್ಕದಲ್ಲಿ ಬೇರೆ ಮಾಡಿದೆ ಹೇಳಿ ನೋಡೋಣ ಎನ್ನುತ್ತಿದ್ದರು. ಮಕ್ಕಳು ಬಣ್ಣ ಅನ್ನುತ್ತಿದ್ದವು, ಗಾತ್ರ ಅನ್ನುತ್ತಿದ್ದವು, ಕೊನೆಗೆ ಯಾವುದೋ ಒಂದು ಮಗು ಗುಂಡಿ ತಿರುಗಿಸಿ ತೂತುಗಳ ಲೆಕ್ಕ ಕಂಡುಹಿಡಿಯುತ್ತಿತ್ತು. ಒಂದು ಮುಷ್ಟಿ ಹುಣಸೆ ಬೀಜ ಹಿಡಿದು, ಎಷ್ಟಿದೆ ಅಂದಾಜು ಹೇಳಿ, ಆಮೇಲೆ ಎಣಿಸಿ ಎನ್ನುತ್ತಿದ್ದರು. ಉತ್ತರ ಸರಿ ಬಂದರೂ ಬಿಡುತ್ತಿರಲಿಲ್ಲ. "ಹೇಗೆ ಗೊತ್ತಾಯ್ತು?" ಕಾರಣ ಹೇಳಿದರೆ ಮಾತ್ರ "ಶಭಾಷ್". ಈ ಶಭಾಷ್ ಅವರ ಬಾಯಿಂದ ಸುಲಭಕ್ಕೆ ಬೀಳುತ್ತಿರಲಿಲ್ಲ. ಅದು ಬಿದ್ದ ದಿನ ಮಕ್ಕಳು ಮನೆಗೆ ಓಡುತ್ತಾ ಹೋಗುತ್ತಿದ್ದವು.

ತೊಂದರೆ ಏನೆಂದರೆ, ಮಕ್ಕಳು ಆ ಪ್ರಶ್ನೆಯನ್ನೂ ಮನೆಗೆ ಒಯ್ದವು. ಆತ್ರೇಯನ ಅಜ್ಜಿ ರಾಹುಕಾಲದಲ್ಲಿ ಆಚೆ ಹೋಗಬೇಡವೋ ಅಂದರೆ ಅವನು ಸೊಂಟದ ಮೇಲೆ ಕೈಯಿಟ್ಟು, "ರಾಹುಕಾಲ ಕೆಟ್ಟದ್ದು ಅಂತ ಹೇಗೆ ಗೊತ್ತಾಯ್ತು?" ಅಂದನಂತೆ. ಅವರಮ್ಮ ಬಂದು ನಗುತ್ತಲೇ ದೂರಿದರು. "ನೀವೇನೋ ಚೆನ್ನಾಗೇ ಹೇಳಿಕೊಡ್ತೀರಾ ಮಿಸ್, ಆದ್ರೆ ಮನೇಲಿ ಬಾಳೋದು ಕಷ್ಟ ಆಗೋಗಿದೆ." ಇದು ಸಾಲದೆಂಬಂತೆ ಮುಖ್ಯರಸ್ತೆಯ ಬೇಕರಿ ಮೇಲೆ ಅಬಾಕಸ್ ಸೆಂಟರ್ ಶುರುವಾಯಿತು. ಅಲ್ಲಿ ಮಕ್ಕಳು ಗಾಳಿಯಲ್ಲಿ ಬೆರಳಾಡಿಸಿ ಕಣ್ಣು ಮಿಟುಕಿಸುವುದರೊಳಗೆ ಕೂಡಿ ಕಳೆಯುತ್ತಾರೆ, ವರ್ಷಕ್ಕೊಂದು ಟ್ರೋಫಿ ತರುತ್ತಾರೆ. ಹುಣಸೆ ಬೀಜ ಎಣಿಸಿದವರಿಗೆ ಯಾರು ಟ್ರೋಫಿ ಕೊಡುತ್ತಾರೆ? ಚೇತನಾ ಹೋದಳು, ಧ್ರುವ ಹೋದ, ಮಿಕ್ಕವರೂ ಹೋದರು. ಕೊನೆಗೆ ಹೋದವನು ಆತ್ರೇಯ.

ಚಾಪೆಗಳನ್ನು ಸುತ್ತಿ ಅಟ್ಟಕ್ಕೆ ಹಾಕಬೇಕಿತ್ತು. ಶುಭಾ ಮಿಸ್ ಹಾಕಲಿಲ್ಲ. ದಿನಾ ಬೆಳಿಗ್ಗೆ ಕೋಣೆ ಗುಡಿಸಿ ಚಾಪೆಗಳನ್ನು ಮತ್ತೆ ಸಾಲಾಗಿ ಹಾಸಿ, ಡಬ್ಬಿಗಳ ಮುಚ್ಚಳ ಒರೆಸಿ ಇಡುತ್ತಿದ್ದರು. ಮುಚ್ಚಳ ತೆಗೆಯುತ್ತಿರಲಿಲ್ಲ. ತೆಗೆದರೆ ಆ ಪುಟ್ಟ ಬೆರಳುಗಳು ಆಡಿ ಬಿಟ್ಟ ಗುಂಡಿಗಳು ಕಣ್ಣಿಗೆ ಬೀಳುತ್ತವೆ, ಅದು ಬೇಡವಾಗಿತ್ತು. ಅಮ್ಮ ಅನಂತಲಕ್ಷ್ಮಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಸದ್ದು ಎಂದಿದ್ದರೆ ಮಕ್ಕಳದ್ದೇ. ಈಗ ಅದೂ ಇಲ್ಲ. ಮಿಕ್ಸಿ ನಿಂತ ಮೇಲೆ ಬರುವ ಮೌನಕ್ಕೆ ಅವರು ಹೆದರತೊಡಗಿದ್ದರು. ಚಟ್ನಿ ರುಬ್ಬುವುದನ್ನೇ ಬಿಟ್ಟಿದ್ದರು.

ಕೆಂಗೇರಿಯಲ್ಲಿದ್ದ ತಮ್ಮ ನಾಣಿ ಆಗಾಗ ಫೋನ್ ಮಾಡಿ, "ಕ್ಲಾಸು ಹೇಗೆ ನಡೀತಿದೆ ಅಕ್ಕ? ಸುಸ್ತಾದ್ರೆ ಮುಚ್ಚಿಬಿಟ್ಟು ಇಲ್ಲಿಗೇ ಬಂದ್ಬಿಡು" ಅನ್ನುತ್ತಿದ್ದ.

"ಭರ್ತಿ ಇದೆ ಕಣೋ. ಜಾಗ ಸಾಲ್ತಾ ಇಲ್ಲ," ಎಂದರು ಒಂದು ದಿನ. ಸುಳ್ಳು ಶುರುವಾದದ್ದು ಅಲ್ಲಿ. ತಮ್ಮನೆದುರು ಮಾನ ಉಳಿಸಿಕೊಳ್ಳಲು ಹೇಳಿದ ಒಂದು ಮಾತು, ಅಷ್ಟೇ. ಆದರೆ ಸುಳ್ಳು ಎಂಬುದು ಬಾಡಿಗೆದಾರನ ಹಾಗೆ. ಒಳಗೆ ಸೇರಿಸಿಕೊಳ್ಳುವುದು ಸುಲಭ, ಬಿಡಿಸುವುದು ಕಷ್ಟ.

ಆಷಾಢದಲ್ಲಿ ಒಂದು ದಿನ ಪಾರ್ಸೆಲ್ ತಂದ ಡೆಲಿವರಿ ಹುಡುಗ ಗೇಟಿನ ಬೋರ್ಡನ್ನು ಎರಡು ಸಲ ಓದಿದ. ಹೆಸರು ಅಮರೇಶ, ಊರು ಕೊಪ್ಪಳದ ಕಡೆ, ಈಗ ಮೂಡಲಪಾಳ್ಯದ ಒಂದು ವಠಾರದಲ್ಲಿ ವಾಸ.

"ನಮ್ಮ ಹುಡುಗಿನ್ನ ತಗೋತೀರೇನ್ರಿ ಮೇಡಮ್ಮೋರ?" ಎಂದ.

ಶನಿವಾರ ಅವನ ಹೆಂಡತಿ ಕಲಾವತಿ ಮಗಳ ಕೈಹಿಡಿದು ಬಂದಳು. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಅವಳಿಗೆ ಹೊಲಿಗೆ ಕೆಲಸ. ಮಗಳು ಚೈತ್ರ, ಆರು ವರ್ಷ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಬಾಯಿಗೆ ಬೀಗ. ಕಲಾವತಿ ಬಾಗಿಲಲ್ಲೇ ನಿಂತು ಚಾಪೆಗಳನ್ನೂ ಡಬ್ಬಿಗಳ ಮೇಲಿನ ಹೆಸರುಗಳನ್ನೂ ಕಣ್ತುಂಬ ನೋಡಿದಳು.

"ಲೆಕ್ಕ ಬರದಿದ್ರೂ ಚಿಂತಿಲ್ರಿ ಅಕ್ಕೋರ," ಎಂದಳು. ಅವರ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತಾರೆ. "ಸಾಲ್ಯಾಗ ಇಕಿ ಮಾತಿಗೆ ಹುಡುಗ್ರು ನಗ್ತಾರಂತ. ಬಾಯಿ ತಗಿಯೂದ ಬಿಟ್ಟಾಳ. ಓಣ್ಯಾಗೂ ಜೋಡಿ ಇಲ್ಲ. ಇಲ್ಲಿ ನಾಕು ಹುಡುಗ್ರ ಕೂಡ ಆಡಿಕೊಂಡಿರ್ಲಿ ಅಂತ ಕಳಸಾಕತ್ತೀನ್ರಿ."

ಶುಭಾ ಮಿಸ್ ಹೊಸ್ತಿಲ ಕಡೆ ನೋಡಿದರು. ಇಲ್ಲಿ ಯಾವ ಹುಡುಗರೂ ಇಲ್ಲ ಎಂದರೆ ಈಕೆ ಮಗಳನ್ನು ಕರೆದುಕೊಂಡು ಹೊರಟೇ ಹೋಗುತ್ತಾಳೆ. ಆ ಪುಟ್ಟ ಚಪ್ಪಲಿಗಳು ಆಗಲೇ ಹೊಸ್ತಿಲ ಆಚೆ ಜೋಡಿಯಾಗಿ ಕೂತಿದ್ದವು. ಎಷ್ಟು ಕಾಲದ ಮೇಲೆ ಅಲ್ಲಿ ಅಷ್ಟು ಚಿಕ್ಕ ಚಪ್ಪಲಿ!

"ಅವರೆಲ್ಲ ಭಾನುವಾರದ ಬ್ಯಾಚು ಕಣಮ್ಮ," ಎಂದುಬಿಟ್ಟರು. "ಇವಳು ಹೊಸಬಳಲ್ವಾ, ಸ್ವಲ್ಪ ದಿನ ಶನಿವಾರ ಒಬ್ಬಳೇ ಬರ್ಲಿ. ಸ್ವಲ್ಪ ರೂಢಿ ಆದ ಮೇಲೆ ಅವರ ಜೊತೆ ಸೇರಿಸ್ತೀನಿ."

ಕಲಾವತಿ ನಂಬಿದಳು. ಟೀಚರು ಸುಳ್ಳು ಹೇಳುತ್ತಾರೆಂದು ಯಾರು ಅಂದುಕೊಳ್ಳುತ್ತಾರೆ? ಈಗಷ್ಟೇ ಒಬ್ಬರು ಬಿಟ್ಟರೆಂದು ಹೇಳಿ, ಆರನೆಯ ಡಬ್ಬಿಯ ಹಳೆಯ ಹೆಸರು ಕಿತ್ತು ಚೈತ್ರ ಎಂದು ಬರೆದದ್ದಾಯಿತು.

ಮೊದಮೊದಲು ಚೈತ್ರ ಬರೀ ತಲೆಯಾಡಿಸುತ್ತಿದ್ದಳು. ಒಂದು ಶನಿವಾರ ಮಿಸ್ ಉದ್ದನೆಯ ಲೋಟದಲ್ಲಿ ನೀರು, ಅಗಲ ಬಟ್ಟಲಲ್ಲಿ ನೀರು ಇಟ್ಟು, ಯಾವುದರಲ್ಲಿ ಜಾಸ್ತಿ ಎಂದು ಕೇಳಿದರು. ಹುಡುಗಿ ಲೋಟ ತೋರಿಸಿದಳು.

"ಹೇಗೆ ಗೊತ್ತಾಯ್ತು?"

"ಎತ್ರ ಐತ್ರಿ," ಎಂದಳು ಪಿಸುಮಾತಿನಲ್ಲಿ.

ಮಿಸ್ ನಗಲಿಲ್ಲ, ತಿದ್ದಲಿಲ್ಲ, ಸುಮ್ಮನೆ ಕಾದರು. ಹುಡುಗಿ ಲೋಟ ನೋಡಿದಳು, ಬಟ್ಟಲು ನೋಡಿದಳು, ಹುಬ್ಬು ಗಂಟಿಕ್ಕಿದಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಅಂಥದ್ದೇ ಇನ್ನೊಂದು ಲೋಟ ತಂದು, ಬಟ್ಟಲಿನ ನೀರನ್ನು ಅದಕ್ಕೆ ಸುರಿದಳು. ನೆಲದ ಮೇಲೆ ಒಂದೆರಡು ಹನಿ ಮಾತ್ರ ಬಿದ್ದವು. ಎರಡೂ ಲೋಟ ಸಮ ನಿಂತವು.

"ಅಯ್ಯ, ಎರಡೂ ಅಷ್ಟ ಐತ್ರಿ! ಬರೇ ನೋಡಿದ್ರ ಗೊತ್ತಾಗಂಗಿಲ್ರಿ ಮಿಸ್, ಸುರುವಿ ನೋಡಬೇಕು!"

"ಶಭಾಷ್," ಎಂದರು ಶುಭಾ ಮಿಸ್. ಅಂದಿನಿಂದ ಹುಡುಗಿಯ ಬಾಯಿಯ ಬೀಗ ಹೋಯಿತು. ಹೋದದ್ದಷ್ಟೇ ಅಲ್ಲ, ಕೀಲಿಕೈಯೂ ಕಳೆದುಹೋಯಿತು. ಗುಂಡಿಗಳಿಗೆ ಅವಳೇ ಗುಡ್ಡೆ ಮಾಡಿ ಮಿಸ್ಸನ್ನೇ ಪರೀಕ್ಷೆ ಮಾಡತೊಡಗಿದಳು. ಒಂದು ಸಲ ಮಿಸ್‌ಗೆ ಉತ್ತರ ಹೊಳೆಯಲೇ ಇಲ್ಲ. ಆ ಗುಡ್ಡೆಯಲ್ಲಿದ್ದವು ಅವಳಪ್ಪನ ಶರ್ಟಿನ ಗುಂಡಿಯಂಥವು, ಈ ಗುಡ್ಡೆಯಲ್ಲಿದ್ದವು ಅಲ್ಲ.

ವಾರದಲ್ಲಿ ಶನಿವಾರ ಒಂದೇ ದಿನ ಎನ್ನುವಂತೆ ಶುಭಾ ಮಿಸ್ ಬದುಕಿದರು. ಉಳಿದ ದಿನಗಳು ಅದಕ್ಕೆ ದಾರಿ. ಭಾನುವಾರ ಮಾತ್ರ ಬಹಳ ಕಷ್ಟ. ಆ ದಿನ, ಬಾರದ ಮಕ್ಕಳ ಆ ಐದು ಚಾಪೆಗಳ ನಡುವೆ ಓಡಾಡುವಾಗ ಅವರಿಗೆ ತಮ್ಮ ಮೇಲೇ ಅಸಹ್ಯವಾಗುತ್ತಿತ್ತು. ಹೇಳಿಬಿಡೋಣ ಅನ್ನಿಸುತ್ತಿತ್ತು. ಹೇಳಿದರೆ ಶನಿವಾರವೂ ಭಾನುವಾರದ ಹಾಗೇ ಆಗಿಬಿಡುತ್ತದೆಂದು ಸುಮ್ಮನಾಗುತ್ತಿದ್ದರು.

ಶ್ರಾವಣದಲ್ಲಿ ಕಲಾವತಿ ಒಂದು ಮಾತು ಕೇಳಿದಳು. ವಠಾರದಲ್ಲಿ ಪಕ್ಕದ ಮನೆಯ ಕಸ್ತೂರೆವ್ವನ ಮೊಮ್ಮಗಳು ಊರಿಂದ ಬಂದಿದ್ದಾಳೆ, ಚೈತ್ರಳದ್ದೇ ವಯಸ್ಸು, ಅವಳಿಗೂ ಇಲ್ಲಿ ಜಾಗ ಇದೆಯೇ?

ಬೇರೆ ಯಾರಾದರೂ ಆಗಿದ್ದರೆ ಹೂಂ ಎನ್ನುತ್ತಿದ್ದರು. ಆದರೆ ಶುಭಾ ಮಿಸ್ ಒಳಗೇ ಹೆದರಿದರು. ಬೋರ್ಡಿನ ಮೇಲೆ ಆರೇ ಎಂದಿದೆ, ಚಾಪೆ ಆರೂ ಭರ್ತಿ ಎಂದು ಈಕೆ ನಂಬಿದ್ದಾಳೆ. ಈಗ ಜಾಗ ಇದೆ ಎಂದರೆ ಯಾರ ಜಾಗ ಎಂದು ಕೇಳುವುದಿಲ್ಲವೇ? ಮೇಲಾಗಿ, ಎರಡು ಹುಡುಗಿಯರು ಸೇರಿದರೆ ಇಲ್ಲದ ಮಕ್ಕಳ ಬಗ್ಗೆ ಮಾತು ಬರದೆ ಇರುತ್ತದೆಯೇ?

"ಸದ್ಯಕ್ಕೆ ಜಾಗ ಇಲ್ಲ ಕಣಮ್ಮ. ಯಾರಾದ್ರೂ ಬಿಟ್ರೆ ಹೇಳ್ತೀನಿ."

"ಹೌದ್ರಿ, ನಾನೂ ನೋಡೀನಲ್ಲ, ಆರೂ ತುಂಬ್ಯಾವ," ಎಂದಳು ಕಲಾವತಿ, ಕೇಳಿದ್ದೇ ತಪ್ಪಾಯಿತೇನೋ ಎನ್ನುವಂತೆ.

ಬಾರದ ಮಕ್ಕಳಿಗೆ ಜಾಗ ಕಾದಿರಿಸಿ ಬರುವ ಮಗುವನ್ನು ಬೇಡ ಎಂದ ಹಾಗಾಯಿತು. ಅವತ್ತು ಶುಭಾ ಮಿಸ್‌ಗೆ ಊಟ ಸೇರಲಿಲ್ಲ.

ಅದೇ ತಿಂಗಳು ಚೈತ್ರಳ ಹುಟ್ಟುಹಬ್ಬ. ಹೊಸ ಫ್ರಾಕು ಹಾಕಿಕೊಂಡು, ಮುಷ್ಟಿ ತುಂಬ ಚಾಕ್ಲೇಟು ಹಿಡಿದು ಬಂದಳು. ಮಿಸ್‌ಗೊಂದು ಕೊಟ್ಟು, "ಇವು ಭಾನುವಾರದವ್ರಿಗ್ರಿ," ಎಂದಳು.

"ಅವರವರ ಡಬ್ಬಿಯಲ್ಲಿ ಹಾಕಿಡು ಪುಟ್ಟಿ, ನಾಳೆ ಬಂದು ತಗೋತಾರೆ."

ಹುಡುಗಿ ಒಂದೊಂದೇ ಡಬ್ಬಿ ತೆಗೆದು, ಹೆಸರು ಓದಿ, ಒಂದೊಂದು ಚಾಕ್ಲೇಟು ಹಾಕಿದಳು. ಸಂಜೆ ಅವನ್ನೆಲ್ಲ ತೆಗೆದಿಡಬೇಕು ಎಂದು ಶುಭಾ ಮಿಸ್ ಅಂದುಕೊಂಡರು. ಸುಳ್ಳಿನಲ್ಲಿ ಪಳಗಿದವರಾಗಿದ್ದರೆ ತೆಗೆದಿಡುತ್ತಿದ್ದರು. ಅವರಿಗೆ ಆ ಮುಚ್ಚಳಗಳನ್ನು ತೆಗೆಯಲು ಮನಸ್ಸು ಬರಲಿಲ್ಲ, ನಾಳೆ ಎಂದರು, ಆಮೇಲೆ ಮರೆತೇಬಿಟ್ಟರು. ಕೆಲವು ವಾರದ ಮೇಲೆ ಗೋಡೆ ಬದಿಯಲ್ಲಿ ಇರುವೆ ಸಾಲು ಕಂಡಾಗ ಅರಿಶಿನದ ಗೆರೆ ಎಳೆದರು. ಊರಿಗೆಲ್ಲ ಪ್ರಶ್ನೆ ಕೇಳುವವರು, ಇರುವೆ ಯಾಕೆ ಬಂತು ಎಂದು ಮಾತ್ರ ಕೇಳಲಿಲ್ಲ.

"ಯಾವಾಗ ಕೂಡಸ್ತೀರಿ ಅಕ್ಕೋರ, ಆ ಹುಡುಗ್ರ ಕೂಡ?" ಎಂದು ಕಲಾವತಿ ಬಾಗಿಲಲ್ಲಿ ಮತ್ತೆ ಮತ್ತೆ ಕೇಳತೊಡಗಿದಳು. ಕೊನೆಗೆ ಶುಭಾ ಮಿಸ್, "ದಸರಾಕ್ಕೆ ಗೊಂಬೆ ಕೂರಿಸ್ತೀನಿ. ವಿಜಯದಶಮಿ ದಿನ ಎಲ್ಲಾ ಮಕ್ಕಳೂ ಬರ್ತಾರೆ, ಅವತ್ತು ನೀವೂ ಕರ್ಕೊಂಡು ಬಂದ್ಬಿಡಿ" ಎಂದರು.

ಈ ಸಲ ಅದನ್ನು ನಿಜ ಮಾಡಲೇಬೇಕೆಂದು ಹಟ ತೊಟ್ಟರು. ಅಮ್ಮನ ಪಟ್ಟದ ಗೊಂಬೆಗಳನ್ನು ಇಳಿಸಿ ರೇಷ್ಮೆ ಉಡಿಸಿದರು. ಆತ್ರೇಯನ ಅಮ್ಮನಿಗೆ, ಚೇತನಾಳ ಅಮ್ಮನಿಗೆ, ಎಲ್ಲರಿಗೂ ಫೋನ್ ಮಾಡಿ ಕರೆದರು. "ನೋಡೋಣ ಮಿಸ್", "ಟ್ರೈ ಮಾಡ್ತೀವಿ ಮಿಸ್", "ಅವತ್ತು ಅಬಾಕಸ್ ಕಾಂಪಿಟೀಶನ್ ಇರಬೇಕು ಮಿಸ್". ಹಿಂದೆಲ್ಲ ಆ ಬೀದಿಯಲ್ಲಿ ಗೊಂಬೆ ನೋಡಲು ಮಕ್ಕಳನ್ನು ಕರೆಯಬೇಕಾಗಿರಲಿಲ್ಲ. "ಗೊಂಬೆ ಕೂರಿಸಿದೀರಾ?" ಎಂದು ಅವೇ ಗೇಟು ಬಡಿಯುತ್ತಿದ್ದವು, ಚರಪು ಎಂದು ಕೊಡುವ ತಿಂಡಿ ಕೈಗೆ ಬಿದ್ದ ಕೂಡಲೇ ಮುಂದಿನ ಮನೆಗೆ ಓಡುತ್ತಿದ್ದವು. ನವರಾತ್ರಿಯಿಡೀ ಗೇಟು ಸುಮ್ಮನಿತ್ತು. ಆದರೂ ಶುಭಾ ಮಿಸ್ ಕೋಡುಬಳೆ, ರವೆಉಂಡೆ ಮಾಡಿ, ಮಗುವಿಗೊಂದರಂತೆ ಪೊಟ್ಟಣ ಕಟ್ಟಿಟ್ಟರು.

ವಿಜಯದಶಮಿಯ ಸಂಜೆ ಗೇಟು ಸದ್ದಾಯಿತು. ಕಲಾವತಿ ಇಳಕಲ್ ಸೀರೆಯಲ್ಲಿದ್ದಳು, ಚೈತ್ರ ಲಂಗ ಉಟ್ಟಿದ್ದಳು. ನಮ್ಮ ಕಡೆ ಗೊಂಬೆ ಕೂರಿಸಿ, ಬಾಗಿಲು ತೆರೆದಿಟ್ಟು, ಯಾರಾದರೂ ಬರಲಿ ಎಂದು ಕಾಯುತ್ತೇವೆ. ಅವರ ಕಡೆ ಹಾಗಲ್ಲ. ಬನ್ನಿ ಮರದ ಎಲೆ ಹಿಡಿದು ತಾವೇ ಮನೆಮನೆಗೆ ಹೋಗುತ್ತಾರೆ.

"ಬನ್ನಿ ತಗೊಂಡು ಬಂಗಾರದಂಗ ಇರೂನ್ರಿ ಅಕ್ಕೋರ," ಎಂದು ಕಲಾವತಿ ಎಲೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದಳು. ಚೈತ್ರಳೂ ಒಂದು ಎಲೆ ಕೊಟ್ಟಳು. ಆಮೇಲೆ ಕಲಾವತಿ ಸುತ್ತ ನೋಡಿದಳು. "ಹುಡುಗ್ರು ಇನ್ನ ಬಂದಿಲ್ಲೇನ್ರಿ?"

"ಬರ್ತಾರೆ, ಬರ್ತಾರೆ. ಹಬ್ಬದ ಟ್ರಾಫಿಕ್ಕು ನೋಡಿ. ಕೂತ್ಕೊಳ್ಳಿ."

ಕೂತರು. ಚೈತ್ರ ಗೊಂಬೆಗಳ ಮುಂದೆ ನಿಂತು ರಾಜನ ಮೀಸೆ, ರಾಣಿಯ ಮೂಗುತಿ ನೋಡಿದಳು. ಕಲಾವತಿ ಬಾಗಿಲನ್ನೇ ನೋಡುತ್ತಿದ್ದಳು. ಶುಭಾ ಮಿಸ್ ಫೋನ್ ನೋಡುತ್ತಿದ್ದರು. ದೀಪದ ಬತ್ತಿ ಒಮ್ಮೆ ಮುಂದಕ್ಕೆ ತಳ್ಳಿದರು, ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ತಳ್ಳಿದರು. ಗೇಟಿನ ಆಚೆ ಬೂದುಗುಂಬಳಕಾಯಿ ಒಡೆದ ರಸ್ತೆಯ ಮೇಲೆ ಒಂದು ಆಟೋ ನಿಧಾನಕ್ಕೆ ಹೋಯಿತು, ನಿಲ್ಲಲಿಲ್ಲ.

"ಅವರು ಬರೂದ್ರಾಗ ಬನ್ನಿ ತಗದು ಇಟ್ಕೊ," ಎಂದಳು ಕಲಾವತಿ ಮಗಳಿಗೆ. "ನಿನ್ನ ಗೆಳ್ಯಾರಿಗೆ ಅಂತ ಕಟ್ಟಿ ಕೊಟ್ಟಿದ್ನಲ್ಲ, ಎಲ್ಲಿ?"

"ಬಸ್ಸಿನ್ಯಾಗ ಕಂಡಕ್ಟರ್‌ಗ ಕೊಟ್ಟೆ. ಅಲ್ಲೇ ಕುಂತಿದ್ದ ಅಜ್ಜಿಗೂ ಕೊಟ್ಟೆ."

"ಹುಚ್ಚಿ! ಮತ್ತ ಹುಡುಗ್ರು ಬಂದ್ರ ಏನು ಕೊಡ್ತಿ?"

"ಅವರು ಬರಂಗಿಲ್ಲಬೇ," ಎಂದಳು ಚೈತ್ರ, ಗೊಂಬೆಯಿಂದ ಕಣ್ಣು ತೆಗೆಯದೆ. "ಯಾವತ್ತೂ ಬರಂಗಿಲ್ಲ."

"ಹೇಗೆ ಗೊತ್ತಾಯ್ತು?"

ಕೇಳಿದವರು ಶುಭಾ ಮಿಸ್. ಕೇಳಬೇಕೆಂದು ಕೇಳಿದ್ದಲ್ಲ. ಸೀನು ಬಂದ ಹಾಗೆ ಬಂದುಬಿಟ್ಟಿತು. ಚಟ ಎಂದರೆ ಇದೇ.

ಚೈತ್ರ ತಿರುಗಿದಳು. ಈ ಪ್ರಶ್ನೆಗಾಗಿಯೇ ಕಾದಿದ್ದವಳ ಹಾಗೆ ಅವಳ ಮುಖ ಅರಳಿತು. ಓಡಿಹೋಗಿ ಆ ಐದು ಡಬ್ಬಿಗಳನ್ನು ತಂದು, ಗೊಂಬೆಗಳ ಮುಂದೆ ಸಾಲಾಗಿ ಇಟ್ಟು, ಒಂದೊಂದೇ ಮುಚ್ಚಳ ತೆಗೆದಳು. ಹುಣಸೆ ಬೀಜಗಳ ಮೇಲೆ ಚಾಕ್ಲೇಟುಗಳು ಹಾಗೇ ಇದ್ದವು.

"ನನ್ನ ಹುಟ್ಟಿದ ಹಬ್ಬದ್ದು ಇವು. ಬಂದಿದ್ರ ತಿಂತಿರಲಿಲ್ಲೇನ್ರಿ?" ಎಂದಳು. "ಮೊದ್ಲು ಆತ್ರೇಯಗ ಚಾಕ್ಲೇಟು ಸೇರಂಗಿಲ್ಲೇನೊ ಅಂದ್ಕೊಂಡೆ. ಅದಕ್ಕ ಅವನ ಡಬ್ಬ್ಯಾಗ ಶೇಂಗಾ ಚಿಕ್ಕಿ ಹಾಕಿ ನೋಡಿದೆ. ಅದೂ ತಿನ್ನಲಿಲ್ಲ. ಒಬ್ಬಗ ಸೇರದಿದ್ರ ಸರಿ, ಐದೂ ಮಂದಿಗೆ ಹ್ಯಾಂಗ ಸೇರಂಗಿಲ್ಲ? ನೀವು ನೀರು ತರಾಕ ಒಳಗ ಹ್ವಾದಾಗೆಲ್ಲ ತಗದು ನೋಡ್ತಿದ್ದೆ. ಬರೇ ಇರುವಿ ಬಂದಾವ್ರಿ ಮಿಸ್. ಹುಡುಗ್ರು ಬಂದಿಲ್ಲ."

ಶುಭಾ ಮಿಸ್‌ಗೆ ಮೊದಲು ಆದದ್ದು ನಾಚಿಕೆಯಲ್ಲ. ಮೊದಲು ಆದದ್ದು ಖುಷಿ. ಏಳು ವರ್ಷದ ಹುಡುಗಿ ಒಂದು ಅನುಮಾನ ಹಿಡಿದು, ಅದಕ್ಕೆ ಬೇರೆ ಕಾರಣ ಇರಬಹುದೇ ಎಂದು ಯೋಚಿಸಿ, ಚಿಕ್ಕಿ ಹಾಕಿ ಪರೀಕ್ಷಿಸಿ, ಅದನ್ನೂ ತಳ್ಳಿಹಾಕಿ ಉತ್ತರಕ್ಕೆ ಬಂದಿದ್ದಾಳೆ. ಇಷ್ಟು ವರ್ಷ ಪಾಠ ಮಾಡಿಯೂ ಇಂಥ ಉತ್ತರವನ್ನು ಅವರು ಯಾವ ಮಗುವಿನ ಬಾಯಲ್ಲೂ ಕೇಳಿರಲಿಲ್ಲ.

"ಶಭಾಷ್!" ಎಂದರು ಜೋರಾಗಿ. "ಸರಿಯಾಗಿದೆ ಕಣೇ!"

ಶಭಾಷ್ ಎಂದದ್ದೇ ಒಪ್ಪಿಕೊಂಡ ಹಾಗಾಗಿತ್ತು. ಕಲಾವತಿ ಡಬ್ಬಿಗಳನ್ನು ನೋಡಿದಳು, ಚಾಪೆಗಳನ್ನು ನೋಡಿದಳು, ಕಟ್ಟಿಟ್ಟಿದ್ದ ಪೊಟ್ಟಣಗಳನ್ನು ನೋಡಿದಳು.

"ನನಗ್ಯಾಕ ಹೇಳಲಿಲ್ಲ ನೀನು?" ಎಂದಳು ಮಗಳಿಗೆ.

"ನೀ ಕೇಳಲೇ ಇಲ್ಲಲ್ಲಬೇ."

"ಯಾರೂ ಇಲ್ಲೇನ್ರಿ ಅಕ್ಕೋರ?"

"ಇಲ್ಲ," ಎಂದರು ಶುಭಾ ಮಿಸ್. "ಎಲ್ಲಾ ಬಿಟ್ಟು ಹೋಗಿ ಬಹಳ ದಿನ ಆಯ್ತು."

"ಮತ್ತ ಕಸ್ತೂರೆವ್ವನ ಮೊಮ್ಮಗಳಿಗೆ ಜಾಗ ಇಲ್ಲ ಅಂದ್ರಿ." ಕಲಾವತಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಅರ್ಥವಾಗದ ಸಂಕಟವಿತ್ತು. "ಆ ಹುಡುಗಿ ಇಲ್ಲಿ ಬ್ಯಾಸರ ಅಂತ ದಿನಾ ಅಳ್ತಿತ್ರಿ. ಹ್ವಾದ ತಿಂಗಳ ಊರಿಗೆ ಕಳಿಸಿಬಿಟ್ರು. ಈಗ ಮತ್ತ ಎರಡು ಹುಡುಗ್ರು ಬಂದಾವ್ರಿ ನಮ್ಮ ವಠಾರಕ್ಕ, ಸಣ್ಣವು. ಜಾಗ ಇಲ್ಲಂತ ನಾನು ಬಾಯಿ ಬಿಡಲಿಲ್ಲ. ಯಾಕ್ರಿ ಹಿಂಗ ಮಾಡಿದ್ರಿ?"

"ಇವಳೊಬ್ಬಳೇ ಅಂತ ಗೊತ್ತಾದ್ರೆ ನೀವು ಕಳಿಸೋದು ನಿಲ್ಲಿಸ್ತೀರಾ ಅಂತ."

"ನಿಲ್ಲಸ್ತೀನಿ ಅಂತ ನಿಮಗ ಹ್ಯಾಂಗ ಗೊತ್ತಾತ್ರಿ?"

ಕಲಾವತಿ ಅದನ್ನು ಚುಚ್ಚಲು ಕೇಳಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಚೈತ್ರ ಕೂಡ ಕತ್ತೆತ್ತಿ ಮಿಸ್‌ನ ಬಾಯಿಯನ್ನೇ ನೋಡುತ್ತಾ, ಕಾರಣಕ್ಕೆ ಕಾದು ನಿಂತಳು. ಶುಭಾ ಮಿಸ್ ಹತ್ತಿರ ಕಾರಣವಿರಲಿಲ್ಲ. ಕೇಳಿ ನೋಡಿರಲಿಲ್ಲ, ಸುರಿದು ನೋಡಿರಲಿಲ್ಲ. ಹೆದರಿಕೆಯೊಂದಿತ್ತು. ಅದನ್ನೇ ಉತ್ತರ ಎಂದುಕೊಂಡಿದ್ದರು.

ಹಬ್ಬದ ದಿನ ಕೊಟ್ಟದ್ದನ್ನು ಬೇಡ ಎನ್ನಬಾರದೆಂದು ಕಲಾವತಿ ಒಂದು ಪೊಟ್ಟಣ ತೆಗೆದುಕೊಂಡಳು. ಕುಂಕುಮ ಇಟ್ಟುಕೊಂಡಳು. ಮಗಳ ಕೈಹಿಡಿದು ಹೊರಟಳು. ಶನಿವಾರ ಎಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಗೇಟಿನ ಹತ್ತಿರ ಚೈತ್ರ ತಿರುಗಿ ನೋಡಿದಳು. ಶಭಾಷ್ ಸಿಕ್ಕ ಮೇಲೆ ಯಾಕೆ ಎಲ್ಲರೂ ಹೀಗೆ ಸಪ್ಪಗಾದರು ಎಂದು ಅವಳಿಗೆ ತಿಳಿದಿರಲಿಲ್ಲ.

ಅವರು ಹೋದ ಮೇಲೆ ಶುಭಾ ಮಿಸ್ ಆರತಿ ಮಾಡಿ, ಪದ್ಧತಿಯಂತೆ ಪಟ್ಟದ ಗೊಂಬೆಗಳನ್ನು ಮಲಗಿಸಿದರು. ರಾಜನ ಪಕ್ಕದಲ್ಲಿ ರಾಣಿ. ಹೊದಿಕೆ ಹೊದಿಸುವಾಗ ಅಳು ಬಂತು. ಯಾರೂ ಇರಲಿಲ್ಲವಾದ್ದರಿಂದ ಸದ್ದು ಮಾಡಿಯೇ ಅತ್ತರು.

ಶನಿವಾರ ಬಂತು. ಚಾಪೆ ಹಾಸಲಿಲ್ಲ. ಗೇಟಿನ ಕಡೆ ಕಿವಿಯಿಟ್ಟು ಕೂತರು. ಮಧ್ಯಾಹ್ನದವರೆಗೂ ಯಾರೂ ಬರಲಿಲ್ಲ. ಕೊರಿಯರ್‌ನವನು ಬಂದು ಪಕ್ಕದ ಮನೆ ಯಾವುದೆಂದು ಕೇಳಿ ಹೋದ. ಸಂಜೆ ನಾಣಿಯ ಫೋನು. "ಕ್ಲಾಸು ಹೇಗಿದೆ ಅಕ್ಕ?"

"ಯಾರೂ ಇಲ್ಲ ಕಣೋ," ಎಂದರು. "ಒಂದೇ ಒಂದು ಮಗು ಇತ್ತು. ಅದನ್ನೂ ಕಳ್ಕೊಂಡೆ."

"ನಾನು ಬರ್ಲಾ?" ಎಂದ ನಾಣಿ. ಬೇಡ ಎಂದರು. ಫೋನಿಟ್ಟ ಮೇಲೆ ಮನೆಯ ಮೌನ ಎಂದಿನಷ್ಟೇ ಇತ್ತು. ನಿಜ ಹೇಳಿದ ಮಾತ್ರಕ್ಕೆ ಅದೇನೂ ಕಡಿಮೆಯಾಗಲಿಲ್ಲ.

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಎದ್ದು ಡಬ್ಬಿಗಳನ್ನು ಬಿಸಿನೀರಿನಲ್ಲಿ ತೊಳೆದರು, ಇರುವೆ ಹತ್ತಿದ್ದ ಬೀಜ ಎಸೆದರು, ಹೆಸರುಗಳನ್ನು ಉಗುರಿನಿಂದ ಕೆರೆದು ತೆಗೆದರು. ಚೈತ್ರಳ ಹೆಸರು ಮಾತ್ರ ಬಿಟ್ಟರು. ಚಾಪೆಗಳನ್ನು ಸುತ್ತಿ, ದಾರ ಕಟ್ಟಿ, ಡಬ್ಬಿಗಳನ್ನು ಚೀಲಕ್ಕೆ ಹಾಕಿ, ಒಂದು ಆಟೋ ಹಿಡಿದು ಮೂಡಲಪಾಳ್ಯಕ್ಕೆ ಹೋದರು. ಪಾಠ ಹೇಳಲು ಅವರು ಯಾರ ಮನೆಗೂ ಹೋದವರಲ್ಲ. ಎರಡು ಕಡೆ ವಿಳಾಸ ಕೇಳಬೇಕಾಯಿತು. ಬಾಗಿಲು ಹಾಕಿಬಿಟ್ಟರೆ ಏನು ಮಾಡುವುದು ಎಂದು ದಾರಿಯುದ್ದಕ್ಕೂ ಯೋಚಿಸಿದರು.

ಕಲಾವತಿ ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಆಟೋ ನೋಡಿದಳು, ಚಾಪೆಯ ಸುರುಳಿ ನೋಡಿದಳು. ನಗಲಿಲ್ಲ.

"ಒಳಗ ಜಾಗ ಇಲ್ರಿ ಅಕ್ಕೋರ," ಎಂದಳು. ಶುಭಾ ಮಿಸ್ ತಲೆ ತಗ್ಗಿಸಿ ಹಿಂದಿರುಗಬೇಕು ಎನ್ನುವಷ್ಟರಲ್ಲಿ ಸೆರಗಿಗೆ ಕೈ ಒರೆಸಿಕೊಂಡು, "ಜಗಲಿ ಮ್ಯಾಲ ಕುಂದರ್ರಿ. ಬಿಸಲು ಬರೂತನಕ ತಂಪ ಇರ್ತದ," ಎಂದು ಬಕೆಟ್ಟು ಪಕ್ಕಕ್ಕೆ ಸರಿಸಿದಳು.

ಚೈತ್ರ ಒಳಗಿನಿಂದ ಓಡಿಬಂದಳು. ಜಡೆ ಇನ್ನೂ ಹೆಣೆದಿರಲಿಲ್ಲ. ಸುರುಳಿಯ ದಾರ ಬಿಚ್ಚುತ್ತಾ ಮಿಸ್‌ನ ಮುಖ ನೋಡಿದಳು.

"ಎಷ್ಟು ಮಂದಿ ಬರ್ತಾರ್ರಿ ಮಿಸ್?"

ವಠಾರದ ಬಾಗಿಲುಗಳು ಅರೆತೆರೆದಿದ್ದವು. ಎಲ್ಲೋ ಕುಕ್ಕರ್ ಕೂಗುತ್ತಿತ್ತು. ಒಂದು ಕಿಟಕಿಯ ಹಿಂದೆ ಯಾರೋ ನಿಂತಿದ್ದರೋ ಇಲ್ಲವೋ.

"ಗೊತ್ತಿಲ್ಲ ಕಣೇ," ಎಂದರು ಶುಭಾ ಮಿಸ್.

ಈ ಮಾತನ್ನು ಚೈತ್ರ ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಹುಬ್ಬು ಗಂಟಿಕ್ಕಿ ಯೋಚಿಸಿದಳು. ಆಮೇಲೆ ಸುರುಳಿಯಿಂದ ಒಂದು ಚಾಪೆ ಎಳೆದು ಹಾಸಿದಳು, ಅದರ ಎದುರಿಗೆ ಇನ್ನೊಂದು ಹಾಸಿದಳು. ಉಳಿದವನ್ನು ಹಾಗೇ ಗೋಡೆಗೆ ಒರಗಿಸಿದಳು.

"ಇದು ನಂದು. ಅದು ನಿಮ್ದು, ಕುಂದರ್ರಿ. ಯಾರರ ಬಂದ್ರ ಮತ್ತೊಂದು ಹಾಸೂಣು."

ಇಷ್ಟು ವರ್ಷದಲ್ಲಿ ಆ ಚಾಪೆಗಳಲ್ಲಿ ತಮಗೆಂದು ಒಂದೂ ಇರಲಿಲ್ಲ ಎಂಬುದು ಶುಭಾ ಮಿಸ್‌ಗೆ ಆಗ ಹೊಳೆಯಿತು. ಮಂಡಿ ನೋವಿಗೆ ಜಗಲಿಯ ಅಂಚು ಹಿಡಿದು, ನಿಧಾನವಾಗಿ ಕೂತರು. ಚೈತ್ರಳ ಡಬ್ಬಿ ತೆರೆದು ಒಂದು ಮುಷ್ಟಿ ಹುಣಸೆ ಬೀಜ ಹಿಡಿದರು.

"ಎಷ್ಟಿದೆ, ಅಂದಾಜು ಹೇಳು ನೋಡೋಣ."